ಎಲೆಗೆ ಹಚ್ಚಿದ ಬೆಸುಗೆ

ನಮ್ಮ ಮನೆಯ ಸುಣ್ಣದ ಡಬ್ಬಿಯ ಮೇಲೆ ‘ಸುಣ್ಣ’ ಎಂದು ಬರೆದ ಚೀಟಿಯಿದೆ. ಬಂದ ನೆಂಟರು ಎಲೆಯಡಿಕೆಯ ತಟ್ಟೆಯನ್ನು ಹತ್ತಿರಕ್ಕೆಳೆದುಕೊಳ್ಳುವಾಗ ಅದನ್ನು ಕಂಡು ನಗುತ್ತಾರೆ. ಎಲೆಯ ಮೇಲೆ ‘ಎಲೆ’ ಎಂದೂ ಅಡಿಕೆಯ ಮೇಲೆ ‘ಅಡಿಕೆ’ ಎಂದೂ ಯಾಕೆ ಬರೆದಿಲ್ಲ ಮೇಷ್ಟ್ರೇ ಎಂದು ಕೇಳಿದವರೂ ಉಂಟು. ಕನ್ನಡ ಪಂಡಿತನ ಮನೆಯಲ್ಲವೇ, ನಾಮಪದಗಳ ಮೇಲೆ ವಿಶೇಷ ವ್ಯಾಮೋಹವಿರಬೇಕೆಂದು ಅವರ ಊಹೆ. ನಾನು ತಿದ್ದಲು ಹೋಗುವುದಿಲ್ಲ. ಹೊರಟರೆ ಬೇಕರಿಯ ತಿಮ್ಮಪ್ಪಣ್ಣನಿಂದ ಹಿಡಿದು ಸೀಸ ಕರಗುವ ಉಷ್ಣಾಂಶದವರೆಗೆ ಎಲ್ಲವನ್ನೂ ಹೇಳಬೇಕಾಗುತ್ತದೆ. ಅಷ್ಟರಲ್ಲಿ ಕಾಫಿ ಆರಿಹೋಗುತ್ತದೆ. ನಿಮಗಾದರೆ ಪುರುಸೊತ್ತು ಇದ್ದಂತೆ ಕಾಣುತ್ತದೆ, ಹೇಳುತ್ತೇನೆ.

ಎಂಬತ್ತರ ದಶಕದ ಉತ್ತರಾರ್ಧ. ಹಗಲು ಸಾಗರದ ಹೈಸ್ಕೂಲೊಂದರಲ್ಲಿ ಹಳಗನ್ನಡದ ಛಂದಸ್ಸನ್ನು ಮಕ್ಕಳ ತಲೆಗೆ ತುಂಬುವುದು, ಸಂಜೆ ನೆರೆಹೊರೆಯವರ ರೇಡಿಯೋಗಳ ಹೊಟ್ಟೆ ಬಗೆಯುವುದು, ಇವೆರಡು ನನ್ನ ನಿತ್ಯಕರ್ಮಗಳಾಗಿದ್ದವು. ಎರಡನೆಯದು ಅಂಚೆಯಲ್ಲಿ ಕಲಿತ ವಿದ್ಯೆ. ಗುರುಮುಖವಿಲ್ಲದ್ದರಿಂದ ಸಂಶಯವನ್ನು ಕೇಳುವುದಕ್ಕೆ ಯಾರೂ ಇರಲಿಲ್ಲ. ನಾನು ಬೆಸುಗೆ ಹಾಕಿದ ರೇಡಿಯೋಗಳಲ್ಲಿ ಹಾಡಿದವೂ ಇವೆ, ಮೌನವ್ರತ ಹಿಡಿದವೂ ಇವೆ. ಯಾವುದು ಯಾಕೆ ಹಾಡಿತು, ಯಾವುದು ಯಾಕೆ ಹಾಡಲಿಲ್ಲ ಎಂಬುದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.

ಆ ವರ್ಷ ತೀರ್ಥಹಳ್ಳಿ ಹತ್ತಿರದ ಮೇಳಿಗೆ ಊರಿನ ಅತ್ತೆಯ ಕಿವಿ ಪೂರ್ತಿ ಮಂದವಾಯಿತು. ಅತ್ತೆಯೆಂದರೆ ನನ್ನ ಅಪ್ಪನ ಅಕ್ಕ. ಅವ್ವ ಹೋದ ಮೇಲೆ ನನ್ನನ್ನು ತನ್ನಲ್ಲಿಟ್ಟುಕೊಂಡು ಓದಿಸಿದವಳು. ಅಕ್ಷರದ ಗಂಧವಿಲ್ಲದ ಅವಳು ನನ್ನನ್ನು ಪಂಡಿತನನ್ನಾಗಿ ಮಾಡಿದಳೆಂಬುದು ನಮ್ಮ ಮನೆತನದ ದೊಡ್ಡ ವಿನೋದ. ಅವಳಿಗೊಂದು ಕಿವಿಯ ಯಂತ್ರ ಮಾಡಿಕೊಡಬೇಕೆಂದು ನಾನು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿದ್ದ ಹಳೆಯ ಸಹಪಾಠಿಗೆ ಬರೆದೆ. ಅವನು ಕಳಿಸಿದ ಪೊಟ್ಟಣದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಹಸಿರು ಹಲಗೆ, ಜೀರಿಗೆ ಎಳ್ಳುಗಳಂಥ ಬಿಡಿಭಾಗಗಳು, ಮುಚ್ಚಳವಿದ್ದ ಪುಟ್ಟ ಡಬ್ಬಿಯಲ್ಲಿ ಬೂದುಬಣ್ಣದ ಒಂದು ಮುಲಾಮು ಇದ್ದವು. ಆ ಬಿಡಿಭಾಗಗಳಿಗೆ ತಂತಿಯ ಕಾಲೇ ಇಲ್ಲ! ಕಾಲಿಲ್ಲದವನ್ನು ನಿಲ್ಲಿಸುವುದು ಹೇಗೆಂದು ಕಂಗಾಲಾಗಿ ಪತ್ರ ಓದಿದೆ. ಇದು ಹೊಸ ವಿಧಾನ, ಕಾಯಿಸಿದ ಬೆಸುಗೆಕಡ್ಡಿಯಿಂದ ಮುಟ್ಟುವಂತಿಲ್ಲ. ಹಲಗೆಯ ಮೇಲೆ ಈ ಪೇಸ್ಟನ್ನು ಎಲೆಗೆ ಸುಣ್ಣ ಸವರಿದ ಹಾಗೆ ತೆಳ್ಳಗೆ ಸವರು, ಚಿಮಟದಿಂದ ಒಂದೊಂದನ್ನೇ ಅದರ ಮೇಲೆ ಕೂರಿಸು, ಇಡೀ ಹಲಗೆಯನ್ನು ಓವನ್ನಿನಲ್ಲಿಟ್ಟು ಕಾಯಿಸು, ಪೇಸ್ಟಿನೊಳಗಿನ ಸೀಸ ಕರಗಿ ತಾನೇ ಹಿಡಿದುಕೊಳ್ಳುತ್ತದೆ ಎಂದು ಬರೆದಿದ್ದ. ಪೇಸ್ಟನ್ನು ತಣ್ಣಗಿಡಬೇಕು, ಬಾಯಿಗೆ ತಾಗಿಸಬಾರದು, ಇನ್ನೊಂದು ಸೆಟ್ಟು ಕೇಳಬಾರದು ಎಂದು ಕೊನೆಯಲ್ಲಿ ಮೂರು ನಿಷೇಧಗಳು. ಸುಣ್ಣದ ಉಪಮೆ ಅವನದು, ದಯವಿಟ್ಟು ನೆನಪಿಡಿ. ಮುಂದಿನ ಅನಾಹುತದಲ್ಲಿ ಅವನಿಗೂ ಪಾಲಿದೆ.

ಓವನ್ ನಮ್ಮಲ್ಲಿತ್ತು. ಹೊಸನಗರದ ನನ್ನ ಭಾವಮೈದುನ ತನ್ನ ತಂಗಿಗೆಂದು ತಂದುಕೊಟ್ಟದ್ದು. ದುಂಡನೆಯ ಅಲ್ಯೂಮಿನಿಯಂ ಪಾತ್ರೆ, ಮುಚ್ಚಳದ ನಡುವೆ ಗಾಜಿನ ಕಣ್ಣು. ನನ್ನ ಹೆಂಡತಿ ಸುಶೀಲ ಅದರಲ್ಲಿ ನಾನ್‌ಕಟಾಯಿ ಮಾಡಿ ಬೀದಿಯಲ್ಲೆಲ್ಲ ಹೆಸರಾಗಿದ್ದಳು. ಸೀಸದ ಮುಸುರೆಯಾದ ಪಾತ್ರೆ ಮತ್ತೆ ಅಡುಗೆಗೆ ಬರುವುದಿಲ್ಲವೆಂದು ಅವಳು ಖಂಡಿತವಾಗಿ ಹೇಳಿಬಿಟ್ಟಳು. ತೊಳೆದರಾಯಿತಲ್ಲ ಎಂದೆ. ಎಂಜಲಾದರೆ ತೊಳೆಯಬಹುದು, ವಿಷವಾದರೆ ಹೇಗೆ ತೊಳೆಯುವುದು ಎಂದು ಕೇಳಿದಳು. ಅವಳು ರಸಾಯನಶಾಸ್ತ್ರ ಓದಿದವಳಲ್ಲ, ಆದರೆ ಅವಳ ಮಾತೇ ಸರಿ. ಬೇಕರಿಯ ತಿಮ್ಮಪ್ಪಣ್ಣನ ಬಳಿ ಹೋದೆ. ಅವನು ನನ್ನ ಉಪನ್ಯಾಸವನ್ನು ಪೂರ್ತಿ ಕೇಳಿ, ಜನ ತಿನ್ನುವ ಬ್ರೆಡ್ಡು ಬೇಯುವ ಗೂಡಿನಲ್ಲಿ ಇದೆಲ್ಲ ಆಗದು, ಬೇರೇನಾದರೂ ಸಹಾಯ ಬೇಕಿದ್ದರೆ ಹೇಳಿ ಎಂದು ಎರಡು ಬನ್ನು ಕಟ್ಟಿಕೊಟ್ಟ. ಅಲ್ಲಿಗೆ ಯಂತ್ರನಿರ್ಮಾಣ ನಿಂತಿತು.

ಪೇಸ್ಟನ್ನಾದರೂ ಕೆಡದಂತೆ ಕಾಯಬೇಕಲ್ಲ? ಫ್ರಿಜ್ಜು ಹೈಸ್ಕೂಲು ಮೇಷ್ಟ್ರ ಮನೆಗೆ ಬಂದಿರದ ಕಾಲ. ಮನೆಯಲ್ಲಿ ಸದಾ ತಣ್ಣಗಿರುವ ಜಾಗ ಯಾವುದೆಂದು ಒಂದು ದಿನವೆಲ್ಲ ಚಿಂತಿಸಿ, ಬಚ್ಚಲ ಮೂಲೆಯಲ್ಲಿ ಒದ್ದೆಬಟ್ಟೆ ಸುತ್ತಿಟ್ಟ ವೀಳ್ಯದೆಲೆಯ ಕಟ್ಟು ಎಂದು ಕಂಡುಹಿಡಿದೆ. ಡಬ್ಬಿಯನ್ನು ಎಲೆಗಳ ನಡುವೆ ಹುದುಗಿಸಿಟ್ಟು ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಬುದ್ಧಿ ಜಾಸ್ತಿಯಾದರೆ ಏನಾಗುತ್ತದೆಂದು ಇನ್ನು ಕೇಳಿ.

ವರದಹಳ್ಳಿಯ ಆಶ್ರಮಕ್ಕೆ ಹೋಗಿಬರಲೆಂದು ಅತ್ತೆ ಆ ವಾರವೇ ನಮ್ಮಲ್ಲಿಗೆ ಬಂದಳು. ಶುಕ್ರವಾರ ಊಟವಾದ ಮೇಲೆ ಎಲೆಯ ಕಟ್ಟನ್ನು ತಾನೇ ತಂದು ಹಿಂದಿನ ಜಗಲಿಯಲ್ಲಿ ಕೂತಳು. ನಾನು ಅಂಗಳದಾಚೆ ಬಟ್ಟೆಯ ತಂತಿ ಬಿಗಿಯುತ್ತಿದ್ದೆ. ತೊಟ್ಟು ಮುರಿದು, ಎಲೆಯನ್ನು ಸೆರಗಿಗೆ ಒರೆಸಿ, ಎತ್ತಲೋ ನೋಡುತ್ತಲೇ ಡಬ್ಬಿಯ ಮುಚ್ಚಳ ತೆಗೆದಳು. ಅರುವತ್ತು ವರ್ಷ ಎಲೆ ಹಾಕಿದವರು ಸುಣ್ಣವನ್ನು ಕಣ್ಣಿಂದ ನೋಡುವುದಿಲ್ಲ; ಎಲೆಯ ಪಕ್ಕ ಡಬ್ಬಿಯಲ್ಲಿದ್ದದ್ದು ಅವರಿಗೆ ಸುಣ್ಣವೇ. ಬೂದು ಪೇಸ್ಟು ಹತ್ತಿದ ಬೆರಳು ಎಲೆಯ ಮೇಲೆ ಓಡಿತು. ‘ಅತ್ತೇ, ಬೇಡ!’ ಎಂದು ಗಂಟಲು ಹರಿಯುವಂತೆ ಕೂಗಿದೆ. ಪಕ್ಕದ ಮನೆಯವರು ಹೊರಗೆ ಬಂದರು. ಅತ್ತೆ ಮಾತ್ರ ಅಡಿಕೆ ಹೋಳಿಟ್ಟು ನಿಧಾನವಾಗಿ ಎಲೆ ಮಡಿಸಿದಳು. ಓಡಿಹೋದವನು ಬಾಯಿಯ ಹತ್ತಿರ ಬಂದಿದ್ದ ಎಲೆಯನ್ನು ಕಿತ್ತು ಹಿತ್ತಿಲಿಗೆ ಎಸೆದೆ.

ಹಿರಿಯರ ಕೈಯಿಂದ, ಅದೂ ಬಾಯಿಗಿಡುವ ಹೊತ್ತಿಗೆ, ಎಲೆ ಕಿತ್ತೆಸೆಯುವುದೆಂದರೆ ನಮ್ಮ ಕಡೆ ಕಪಾಳಕ್ಕೆ ಹೊಡೆದಂತೆ. ವಿವರಿಸೋಣವೆಂದರೆ ಕೇಳದು, ಬರೆದು ತೋರಿಸೋಣವೆಂದರೆ ಓದಲಾರಳು. ಅಭಿನಯವೊಂದೇ ದಾರಿಯೆಂದುಕೊಂಡು ಡಬ್ಬಿ ತೋರಿಸಿ, ಕಣ್ಣು ಮೇಲೆ ಮಾಡಿ, ನಾಲಗೆ ಚಾಚಿ, ಕತ್ತು ವಾಲಿಸಿದೆ. ಎಪ್ಪತ್ತು ದಾಟಿದ ಮುದುಕಿಯ ಮುಂದೆ ನಿಂತು ಸಾವನ್ನು ಅಭಿನಯಿಸಿದರೆ ಅದಕ್ಕೆ ಏನರ್ಥ ಬರುತ್ತದೆಂದು ಹೊಳೆಯುವಷ್ಟರಲ್ಲಿ ಅವಳು ಎದ್ದು ಒಳಗೆ ಹೋಗಿಯಾಗಿತ್ತು. ಸುಶೀಲ ಕೈಕರಣ ಬಾಯಿಕರಣ ಮಾಡಿ ಸಮಜಾಯಿಷಿ ಹೇಳಲು ಹೋದಳು. ಏನು ತಿಳಿಯಿತೋ ಏನೋ, ಅತ್ತೆ ಕೈಚೀಲ ತೆಗೆದು ಸೀರೆ ಮಡಚತೊಡಗಿದಳು. ಸೋಮವಾರ ಬೆಳಿಗ್ಗೆಯ ತೀರ್ಥಹಳ್ಳಿ ಬಸ್ಸಿಗೆ ಹೊರಡುತ್ತಾಳಂತೆ. ಎಲೆಯಡಿಕೆಯ ತಟ್ಟೆಯನ್ನು ಆಮೇಲೆ ಮುಟ್ಟಲಿಲ್ಲ, ನನ್ನ ಮುಖ ನೋಡಲಿಲ್ಲ. ನನಗೆ ಊಟ ಸೇರಲಿಲ್ಲ. ಅವಳು ಇನ್ನು ನಮ್ಮ ಹೊಸ್ತಿಲು ತುಳಿಯದಿದ್ದರೆ? ಆ ಕೈಯ ಅನ್ನ ಉಂಡು ಬೆಳೆದವನು ನಾನು.

ಸುಶೀಲ ಓವನ್ನನ್ನು ತಂದು ನನ್ನ ಮುಂದಿಟ್ಟಳು. ‘ಅತ್ತೆ ಹೀಗೆ ಮುಖ ತಿರುಗಿಸ್ಕಂಡು ಬಸ್ ಹತ್ತಬಾರ್ದು. ಅವ್ರಿಗೆ ಕೇಳೋ ಹಾಗೆ ಮಾಡಿ, ಆಮೇಲೆ ಎಲ್ಲಾ ಹೇಳಿ,’ ಎಂದಳು. ‘ಇದು ಮಾತ್ರ ಮತ್ತೆ ಒಳಗೆ ಬರಲ್ಲ.’

ಭಾನುವಾರ ಬೆಳಿಗ್ಗೆಯನ್ನೇ ಆರಿಸಲು ಕಾರಣವಿತ್ತು. ವಿದ್ಯುತ್ತು ನಮ್ಮ ತಾಲ್ಲೂಕಿನ ಹೊಳೆಯಲ್ಲೇ ಹುಟ್ಟಿದರೂ ನಮ್ಮ ಮನೆಯ ಬಲ್ಬು ವಾರವೆಲ್ಲ ಕೆಂಡದಂತಿರುತ್ತಿತ್ತು. ಮಿಲ್ಲುಗಳು ಮುಚ್ಚಿದ ಭಾನುವಾರ ಮಾತ್ರ ಅದಕ್ಕೆ ಕಳೆ. ಸಹಪಾಠಿಯ ಕಾಗದದಲ್ಲಿ ಡಿಗ್ರಿಗಳ ಏರಿಳಿತವನ್ನು ಬೆಟ್ಟದಂತೆ ಬರೆದಿತ್ತು, ನಮ್ಮ ಓವನ್ನಿಗೋ ಹತ್ತಿಸುವುದು ಮತ್ತು ಆರಿಸುವುದು ಎರಡೇ ವಿದ್ಯೆ. ಕೊನೆಗೆ ತಿಮ್ಮಪ್ಪಣ್ಣನನ್ನೇ ಕರೆತಂದೆ. ಅವನು ಕಾಗದವನ್ನು ತಿರುಗಿಸಿ ನೋಡಿ ನನಗೇ ವಾಪಸು ಕೊಟ್ಟ.

‘ಡಿಗ್ರಿ ಎಲ್ಲ ನಂಗೆ ತಿಳಿಯಲ್ಲ ಮೇಷ್ಟ್ರೇ. ರಸ್ಕಿನ ಬಿಸಿ ಬೇಕಾ, ಬ್ರೆಡ್ಡಿನ ಬಿಸಿ ಬೇಕಾ?’

ನನ್ನ ಇಷ್ಟು ವರ್ಷದ ವಿದ್ಯಾಭ್ಯಾಸದಲ್ಲಿ ಅಂಥ ಸ್ಪಷ್ಟವಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮೊದಲು ಹದವಾಗಿ ಒಣಗಬೇಕಂತೆ, ಆಮೇಲೆ ಸೀಸ ಕರಗಬೇಕಂತೆ ಎಂದೆ. ಹಾಗಾದರೆ ಮೊದಲು ರಸ್ಕು, ಆಮೇಲೆ ಬ್ರೆಡ್ಡು ಎಂದು ಅವನು ತೀರ್ಪುಕೊಟ್ಟ. ಎಳ್ಳು ಜೀರಿಗೆಗಳನ್ನು ಕೂರಿಸಿದ ಹಲಗೆಯನ್ನು ತಗಡಿನ ಮೇಲಿಟ್ಟು, ಪಕ್ಕದಲ್ಲಿ ಒಂದು ಚಿಟಿಕೆ ಮೈದಾ ಉದುರಿಸಿ, ಗಾಜಿನ ಕಣ್ಣಿಗೆ ತನ್ನ ಕಣ್ಣಿಟ್ಟು ಜಗಲಿಯಲ್ಲಿ ಕೂತ. ನಾನು ಕಾಗದ ನೋಡುತ್ತಿದ್ದೆ, ಅವನು ಹಿಟ್ಟು ನೋಡುತ್ತಿದ್ದ. ಹಿಟ್ಟು ಕೆನೆಬಣ್ಣಕ್ಕೆ ಬಂದಾಗ ಸ್ವಿಚ್ಚು ತೆಗೆಸಿದ, ಸ್ವಲ್ಪ ತಡೆದು ಮತ್ತೆ ಹಾಕಿಸಿದ. ಹಿಟ್ಟು ಹಾಲು ಹೆಚ್ಚಾದ ಕಾಫಿಯಂತಾಯಿತು. ಆಗ ನನ್ನನ್ನೂ ಕರೆದು ತೋರಿಸಿದ. ಮಸುಕು ಬೂದಿಯಂತಿದ್ದ ಪೇಸ್ಟು ನೋಡನೋಡುತ್ತ ಬೆಳ್ಳಿಯಾಗಿ ಹೊಳೆಯಿತು. ಸೊಟ್ಟಗೆ ಕೂತಿದ್ದ ಬಿಡಿಭಾಗಗಳು ಯಾರೂ ಮುಟ್ಟದೆ ತಮ್ಮಷ್ಟಕ್ಕೆ ನೆಟ್ಟಗಾದವು. ನಾನು ಬೆರಗಾಗಿ ನಿಂತೆ. ಸಾಕು, ಹೊತ್ತುತ್ತದೆ ಎಂದು ಅವನೇ ಮುಚ್ಚಳ ತೆಗೆದ.

ಸಂಜೆಯೊಳಗೆ ತಂತಿ, ಸ್ವಿಚ್ಚು, ಕಿವಿಗಿಡುವ ಗುಂಡಿ ಎಲ್ಲವನ್ನೂ ಸೇರಿಸಿ ಸೋಪಿನ ಡಬ್ಬಿಯೊಂದರಲ್ಲಿ ಕೂರಿಸಿದೆ. ಉಳಿದ ಹೊತ್ತೆಲ್ಲ ಕ್ಷಮಾಯಾಚನೆಯ ಭಾಷಣದ ಸಿದ್ಧತೆಗೆ ಹೋಯಿತು. ಸೋಮವಾರ ಬೆಳಿಗ್ಗೆ ಚೀಲ ಹಿಡಿದು ಕೂತಿದ್ದ ಅತ್ತೆಯ ಕಿವಿಗೆ ಗುಂಡಿಯಿಟ್ಟು, ಸ್ವಿಚ್ಚು ಒತ್ತಿ, ಸೀಸದ ಗುಣದೋಷಗಳಿಂದ ಆರಂಭಿಸಿ ನನ್ನ ಪಶ್ಚಾತ್ತಾಪದವರೆಗೆ ಒಂದೂ ಬಿಡದೆ ನಿವೇದಿಸಿದೆ. ಅತ್ತೆ ಚೀಲ ಕೆಳಗಿಟ್ಟು ನನ್ನ ಮುಖ ನೋಡಿದಳು.

‘ಕಿತ್ಕಂಡೆ, ಆಯ್ತು. ಎಂತಕ್ಕೋ ಕಿತ್ಕಂಡೆ,’ ಎಂದಳು. ‘ಮತ್ತೊಂದು ಎಲೆ ಮಡ್ಚಿ ಕೊಡ್ಬೇಕು ಅಂತ ನಿಂಗೆ ಅನ್ನಿಸ್ಲಿಲ್ಲಲ ಮಾರಾಯ.’

ನಾನು ತಟ್ಟೆ ತಂದು, ತೊಟ್ಟು ಮುರಿದು, ಖರೆ ಸುಣ್ಣವನ್ನೇ ಸವರಿ ಮಡಿಸಿ ಕೊಟ್ಟೆ. ಅವಳು ಅದನ್ನು ಬಾಯಿಗಿಟ್ಟುಕೊಂಡು ನನ್ನ ತಲೆ ಸವರಿದಳು. ಮೂರು ದಿನದಿಂದ ಬೇಕಾಗಿದ್ದದ್ದು ಇದೊಂದೇ ಎಂದು ತಿಳಿದು ನನಗೆ ನಾಚಿಕೆಯಾಯಿತು.

ಬಸ್ಸಿನಲ್ಲಿ ಅವಳನ್ನು ಕಿಟಕಿಯ ಬಳಿ ಕೂರಿಸಿ ಇಳಿದು ನಿಂತಿದ್ದೆ. ಸುಶೀಲ ಏದುಸಿರು ಬಿಡುತ್ತ ಓಡಿಬಂದು ಮುಷ್ಟಿ ಬಿಚ್ಚಿದಳು. ಯಂತ್ರಕ್ಕೆ ಹಾಕಬೇಕಿದ್ದ ಬ್ಯಾಟರಿ ಶೆಲ್ಲು! ಮನೆಯ ಕಿಟಕಿಯ ಕಟ್ಟೆಯ ಮೇಲೇ ಇತ್ತಂತೆ. ಭಾಷಣದ ಗಡಿಬಿಡಿಯಲ್ಲಿ ಹಾಕಲು ಮರೆತಿದ್ದೆ. ಕಿಟಕಿಯಿಂದಲೇ ಕೈಹಾಕಿ ಅತ್ತೆಯ ಮಡಿಲಿನ ಡಬ್ಬಿ ಬಿಚ್ಚಿ ಶೆಲ್ಲು ಕೂರಿಸಿದೆ. ಅದೇ ಹೊತ್ತಿಗೆ ಡ್ರೈವರು ಹಾರನ್ನು ಒತ್ತಿದ. ಅತ್ತೆ ಬೆಚ್ಚಿಬಿದ್ದು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

‘ಅಯ್ಯಯ್ಯಪ್ಪ, ಎಂತ ಗಲಾಟೆ ಮಾರಾಯ ನಿಮ್ಮ ಊರು!’

ಬಸ್ಸು ಆನಂದಪುರದ ರಸ್ತೆಗೆ ತಿರುಗಿತು. ಹಾಗಾದರೆ ಬೆಳಿಗ್ಗೆ ಅವಳು ನನ್ನ ಭಾಷಣದ ಒಂದಕ್ಷರವನ್ನೂ ಕೇಳಿರಲಿಲ್ಲ. ಏನನ್ನು ಕ್ಷಮಿಸಿದಳು? ಸೀಸದ ಸಂಗತಿ ಅವಳಿಗೆ ಕೊನೆಗಾದರೂ ತಿಳಿಯಿತೇ? ಆಮೇಲೆ ಎಷ್ಟೋ ಸಲ ಬಂದಳು, ಸೋಪಿನ ಡಬ್ಬಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಎಲ್ಲರ ಮಾತನ್ನೂ ಕೇಳಿದಳು. ನನಗೆ ಮಾತ್ರ ಆ ವಿಷಯ ತೆಗೆಯಲು ಬಾಯಿ ಬರಲಿಲ್ಲ.

ಅವತ್ತು ಮನೆಗೆ ಬಂದವನೇ ಕಾಗದ ಕತ್ತರಿಸಿ, ದುಂಡಗೆ ‘ಸುಣ್ಣ’ ಎಂದು ಬರೆದು ಡಬ್ಬಿಗೆ ಅಂಟಿಸಿದೆ. ಇನ್ನು ಮುಂದೆ ಅತ್ತೆಗೆ ಮೋಸವಾಗಬಾರದು ಎಂದು ಹೆಮ್ಮೆಯಿಂದ ಸುಶೀಲಳಿಗೆ ತೋರಿಸಿದೆ. ಅವಳು ನೋಡಿ, ‘ಅತ್ತೆಗೆ ಓದಕ್ಕೆ ಬರಲ್ವಲ್ರೀ,’ ಎಂದಳು.

ಚೀಟಿ ಹಾಗೇ ಇದೆ. ನೆಂಟರು ನಕ್ಕರೆ ನಾನೂ ನಗುತ್ತೇನೆ, ಮತ್ತು ಅವರು ಡಬ್ಬಿಗೆ ಕೈಹಾಕುವ ಮೊದಲೇ ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಮಡಿಸಿ ಅವರ ಕೈಗೆ ಕೊಡುತ್ತೇನೆ.