ಸಂತೆಯ ಹಿಂದಿನ ಬೆಂಚು

ಮಡಿಕೇರಿಯ ಒಂದು ಹೋಂಸ್ಟೇಯಲ್ಲಿ ನನ್ನ ಕೆಲಸ ಕೋಣೆಯ ಕೀ ಕೊಡುವುದು, ಹಾಸಿಗೆ ಬಟ್ಟೆ ನೋಡಿಕೊಳ್ಳುವುದು, ಒಂದೇ ಪ್ರಶ್ನೆಗೆ ದಿನವಿಡೀ ಉತ್ತರ ಹೇಳುವುದು. "ರಾಜಾಸೀಟು ಆಯ್ತು, ಅಬ್ಬಿ ಫಾಲ್ಸ್ ಆಯ್ತು. ಪೇಟೆಯೊಳಗೆ ಯಾರಿಗೂ ಗೊತ್ತಿಲ್ಲದ ಜಾಗ ಏನಾದ್ರೂ ಇದೆಯಾ ಮೇಡಂ?" ಯಾರಿಗೂ ಗೊತ್ತಿಲ್ಲದ್ದು ನನಗೆ ಮಾತ್ರ ಹೇಗೆ ಗೊತ್ತಿರಬೇಕು ಎಂದು ನಾಲಗೆ ತುದಿಗೆ ಬರುತ್ತದೆ. ನುಂಗಿಕೊಂಡು ನಗುತ್ತೇನೆ.

ಕೊನೆಗೆ ಯಜಮಾನರು, "ಒಂದು ಪಟ್ಟಿ ಬರ್ದು ಗೋಡೆಗೆ ಹಾಕಿಬಿಡಮ್ಮ" ಎಂದರು. ಬರೆದೆ. ಕೋಟೆಯೊಳಗಿನ ಹಳೆಯ ಚರ್ಚು. ಬೆಳಗಿನ ಹೊತ್ತಿನ ಗದ್ದುಗೆ, ಹಳೆಯ ರಾಜರ ಸಮಾಧಿಗಳು. ಅಷ್ಟರಲ್ಲಿ ಸಂಜೆಯಾಗಿ ಕಾಲು ಸೋತಿತ್ತು, ಮೂರನೆಯದಕ್ಕೆ ಬೇರೆ ಏನೂ ಹೊಳೆಯಲಿಲ್ಲ. ಸಂತೆಯ ಹಿಂದಿನ ಅಜ್ಜಿಯ ಟೀ ಅಂಗಡಿ, ಅದರ ಉದ್ದನೆಯ ಮರದ ಬೆಂಚು, ಕೂತು ಟೀ ಕುಡಿಯಲೇಬೇಕು ಎಂದು ಬರೆದುಬಿಟ್ಟೆ.

ಶುಕ್ರವಾರ ಸಂತೆಯ ದಿನ ಆ ಬೆಂಚು ಹೊರೆ ಹೊತ್ತು ಬಂದವರದ್ದು. ಆಫೀಸಿನವರಾಗಲಿ, ಅಂಗಡಿಯವರಾಗಲಿ, ನಿಂತೇ ಟೀ ಕುಡಿಯಬೇಕು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಊರಿನವರಿಗೆಲ್ಲ ಗೊತ್ತಿರುವುದನ್ನು ಬರೆಯಬೇಕೆಂದು ನನಗೂ ತೋಚಲಿಲ್ಲ. ನಾನು ಹೊರೆ ಹೊತ್ತವಳಲ್ಲ. ಆದರೂ ಕುಶಾಲನಗರದ ಕಡೆಯಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಬಂದ ನನ್ನನ್ನು ಅಜ್ಜಿ ನೋಡಿ, "ನಿಂತೇ ಬಂದ್ಯಲ್ಲಾ ಮಗಾ, ಕೂತ್ಕೋ" ಎಂದು ತುದಿಯಲ್ಲಿ ಜಾಗ ಕೊಡಿಸುತ್ತಿದ್ದರು. ಇಡೀ ಪೇಟೆಯಲ್ಲಿ ನನಗೆ ಕೂತ್ಕೋ ಎಂದು ಹೇಳುವವರು ಅವರೊಬ್ಬರೇ.

ಪಟ್ಟಿ ಹಾಕಿದ ಮೇಲಿನ ಎರಡನೇ ಶುಕ್ರವಾರ ಹೋದೆ. ಬೆಂಚಿನ ತುಂಬ ನಮ್ಮ ಹೋಂಸ್ಟೇಯ ಅತಿಥಿಗಳು, ಅವರ ಬ್ಯಾಗುಗಳು. ಎಳೆಬಿದಿರಿನ ಕಣಿಲೆಯ ಮೂಟೆ ಹೊತ್ತು ತಂದ ಇಬ್ಬರು ಹೆಂಗಸರು ಗೋಡೆಗೆ ಒರಗಿ ನಿಂತಿದ್ದರು. ಅಜ್ಜಿ ಒಲೆಯ ಮುಂದೆ ಟೀ ಸೋಸುತ್ತಿದ್ದರು. ನನಗೆ ರೇಗಿತು.

"ಸ್ವಲ್ಪ ಏಳ್ತೀರಾ? ಇವತ್ತು ಈ ಬೆಂಚು ಹೊರೆ ತಂದವರಿಗೆ" ಎಂದೆ.

ಒಬ್ಬಾತ ಫೋನಿನಲ್ಲಿ ಪಟ್ಟಿಯ ಫೋಟೋ ತೋರಿಸಿದ. "ಮೇಡಂ, ನೀವೇ ಬರ್ದಿರೋದಲ್ವಾ? ಇಲ್ಲಿ ಕೂತು ಟೀ ಕುಡೀಲೇಬೇಕು ಅಂತ?"

ನನ್ನದೇ ಅಕ್ಷರ. ಅವರು ಪಾಪ, ಕೂಡಲೇ ಎದ್ದರು, ಕೆಟ್ಟವರೇನಲ್ಲ. ಆದರೆ ಅಜ್ಜಿ ಕೇಳಿಸಿಕೊಂಡಾಗಿತ್ತು. ಸೋಸುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು.

ಅಂದೇ ಪಟ್ಟಿ ಕಿತ್ತು ಒಲೆಗೆ ಹಾಕಿದೆ. ಫೋನುಗಳಲ್ಲಿ ಉಳಿದದ್ದನ್ನು ಏನು ಮಾಡಲಿ?

ಮುಂದಿನ ಶುಕ್ರವಾರ ಮಳೆ, ಅತಿಥಿಗಳಿಲ್ಲ. ಬೆಂಚಿನ ತುದಿ ಖಾಲಿಯಿತ್ತು. ಅಜ್ಜಿ ಲೋಟ ನನ್ನ ಕೈಗೆ ಕೊಟ್ಟು, "ಸಕ್ಕರೆ ಸಾಕಾ ಮೇಡಂ?" ಎಂದರು.

ಸಾಕು ಎಂದೆ. ನಿಂತೇ ಕುಡಿದೆ.