ಬ್ಯಾಟರಿ ಗಾಡಿಯ ಶೆಡ್ಡು ಮದ್ದೂರಿಗೆ ಬಾರದ್ದು

ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದು, ನಮ್ಮ ಕಡೆಯ ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡಾಡುತ್ತಿದ್ದವು. ಓಡಾಡುತ್ತಿದ್ದವು ಎಂದೆನೆ? ನಿಡಘಟ್ಟ ದಾಟುವುದರೊಳಗೆ ನಿಲ್ಲುತ್ತಿದ್ದವು. ಇಳಿದು ತಳ್ಳುತ್ತಿದ್ದೆವು. ತಳ್ಳಿದರೂ ಹೊರಡದಿದ್ದರೆ, ಬೆಂಗಳೂರಿನಿಂದ ಮೇಸ್ತ್ರಿ ಬರುವವರೆಗೆ ರಸ್ತೆ ಬದಿಯ ಮರದಡಿ ಕೂತಿರುತ್ತಿದ್ದೆವು. ಯಂತ್ರವನ್ನು ಕೊಂಡ ಊರಿಗೂ ಕಟ್ಟಿದ ಊರಿಗೂ ಏನು ವ್ಯತ್ಯಾಸವೆಂದು ನಾನು ಕಲಿತದ್ದು ಮೈಸೂರಿನ ಕಾಲೇಜಿನ ಚರ್ಚಾಕೂಟದಲ್ಲಲ್ಲ, ಆ ನೆರಳಿನಲ್ಲಿ.

ಆಗಲೇ ಒಂದು ಸುದ್ದಿ ಹಬ್ಬಿತು. ಬೆಂಗಳೂರಿನ ಸಾಹುಕಾರರೊಬ್ಬರು ಪೆಟ್ರೋಲೇ ಬೇಡದ, ಬ್ಯಾಟರಿಯಿಂದ ಓಡುವ ಸಾಮಾನು ಗಾಡಿಗಳನ್ನು ಕಟ್ಟಿಸುತ್ತಾರಂತೆ, ಶೆಡ್ಡಿಗೆ ಜಾಗ ನೋಡುತ್ತಿದ್ದಾರಂತೆ. ಮಳವಳ್ಳಿಯವರು "ಕರೆಂಟು ಹುಟ್ಟೋದೇ ನಮ್ಮ ಮಗ್ಗುಲಲ್ಲಿ" ಎಂದರು. ಮಂಡ್ಯದವರು ಸಕ್ಕರೆ ಮೂಟೆ ತೋರಿಸಿ, "ಸಾಗಿಸೋ ಸರಕು ನಮ್ಮಲ್ಲಿ" ಎಂದರು. ನಮ್ಮ ಮದ್ದೂರಿಗೆ ರೈಲಿತ್ತು, ರಸ್ತೆಯಿತ್ತು, ನನ್ನ ಸೋದರಮಾವನ ಕುಲುಮೆಯಿತ್ತು.

ಮಾವ ಎತ್ತಿನ ಗಾಡಿ ಕಟ್ಟುವವನು. ಮರದ ಕೆಲಸ, ಕಬ್ಬಿಣದ ಕೆಲಸ ಎರಡೂ ಅವನದೇ. ಕಬ್ಬಿಣವೆಲ್ಲ ಯುದ್ಧಕ್ಕೆ ಹೋಗಿ, ಹೊಸ ಗಾಡಿ ಕಟ್ಟಿಸುವವರೇ ಇರಲಿಲ್ಲ. ಈ ಶೆಡ್ಡು ಬಂದರೆ ಕುಲುಮೆ ಉಳಿಯಿತು, ಬಾರದಿದ್ದರೆ ಗಾಳಿ ಊದುವ ತಿದಿ ಬಿಚ್ಚಿಟ್ಟು ಕಬ್ಬಿನ ಗದ್ದೆಗೆ ಕೂಲಿ ಹೋಗಬೇಕು ಎಂದು ಅತ್ತೆ ಅವನ ಮುಖಕ್ಕೇ ಹೇಳುತ್ತಿದ್ದಳು.

ನಾನು ಬೆಂಗಳೂರಿಗೆ ಹೋಗಿ ಸಾಹುಕಾರರ ಮುಂದೆ ವಾದ ಹೂಡಿದೆ. "ಗಾಡಿಯನ್ನು ನೀವು ಎಲ್ಲಿ ಬೇಕಾದರೂ ಮಾರಬಹುದು. ಅದನ್ನು ಕಟ್ಟುವ ವಿದ್ಯೆ ಮಾತ್ರ ಕಟ್ಟಿದ ಊರಿನಲ್ಲೇ ಉಳಿಯುತ್ತದೆ. ಅದು ಆಗಲೇ ಅರ್ಧ ಇರುವ ಊರಿಗೆ ಬನ್ನಿ."

"ಮಾತು ಚೆನ್ನಾಗಿದೆ" ಎಂದು ಅವರು ನಕ್ಕರು. "ಕೆಲಸ ತೋರಿಸಿ. ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕೋದನ್ನ ನಾನು ನೋಡ್ಬೇಕು."

ಗೊತ್ತಾದ ದಿನ ಅವರನ್ನು ಸ್ಟೇಷನ್ನಿನಿಂದ ಕರೆದುಕೊಂಡು ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ. ಕುಲುಮೆಯನ್ನು ಸಾರಿಸಿ ರಂಗೋಲಿ ಬಿಟ್ಟಿದ್ದರು. ಕಬ್ಬಿಣ ಬಡಿಯುವ ಅಡಿಗಲ್ಲಿಗೆ ವಿಭೂತಿ, ಸುತ್ತಿಗೆ ಇಕ್ಕಳಗಳಿಗೆ ಚೆಂಡುಹೂವು, ಉಳಿಗಳ ಸಾಲಿಗೆ ಕುಂಕುಮ. ಒಲೆಯಲ್ಲಿ ಬೆಂಕಿಯಿರಲಿಲ್ಲ. ದಸರೆಯಲ್ಲದ ಕಾಲದಲ್ಲಿ ಮಾವ ಆಯುಧಪೂಜೆ ಮಾಡಿದ್ದ.

ಸಾಹುಕಾರರು ಕೈಮುಗಿದರು, ಪ್ರಸಾದದ ಬಾಳೆಹಣ್ಣು ತಿಂದರು. "ಸರಿ, ಶುರು ಮಾಡಿ" ಎಂದರು.

"ಇವತ್ತು ಆಗಾಕಿಲ್ಲ ಬುದ್ಧಿ. ಪೂಜೆ ಆಗಿರೋ ಸಾಮಾನು, ಮುಟ್ಟಂಗಿಲ್ಲ. ನಾಳೀಕೆ ತೋರುಸ್ತೀನಿ."

ಮಾವನನ್ನು ಹಿತ್ತಿಲಿಗೆ ಎಳೆದೆ. "ಅವರು ಸಂಜೆ ರೈಲಿಗೆ ಹೊರಟುಬಿಡ್ತಾರೆ. ಒಂದು ಸುತ್ತಿಗೆ ಎತ್ತು ಮಾವ."

"ಪೂಜೆ ಮಾಡಿದ್ದೇ ಅವ್ರು ಬರ್ಲಿ ಅಂತ ಕಣ್ಲಾ. ಈಗ ಮುಟ್ಬುಟ್ರೆ ಮಾಡಿ ಏನ್ ಬಂತು?"

"ಆಯುಧಕ್ಕೆ ಪೂಜೆ ಮಾಡೋದು ಅದು ಕೆಲಸ ಮಾಡ್ಲಿ ಅಂತ ಅಲ್ವಾ?"

"ಮೈಸೂರ್ನಾಗೆ ಮಾತು ಕಲ್ತಿದ್ದೀಯ, ಮಾತಾಡು. ಸುತ್ತಿಗೆ ತಂಟೆಗೆ ಬರ್ಬ್ಯಾಡ."

"ಉಳ್ಕಳ್ಳಿ ಅನ್ನಪ್ಪ ಅವ್ರುಗೆ, ಕೋಳಿ ಕುಯ್ಸಾನ" ಎಂದಳು ಅತ್ತೆ, ಅಡುಗೆಮನೆಯಿಂದ.

ಸಾಹುಕಾರರು ಉಳಿಯಲಿಲ್ಲ. ಸ್ಟೇಷನ್ನಿನಲ್ಲಿ ನಾನು ನೇರವಾಗಿ ಕೇಳಿದೆ: ಇವತ್ತು ಕೆಲಸ ನೋಡಿದ್ದರೆ ಬರುತ್ತಿದ್ದಿರಾ?

"ನಿಜ ಹೇಳ್ಲಾ? ಇಲ್ಲ" ಎಂದರು. "ದುಡ್ಡು ಹಾಕೋರು ಬೆಂಗಳೂರಿನಲ್ಲಿದ್ದಾರೆ. ಗಾಡಿ ಕೊಳ್ಳೋರು ಅಲ್ಲೇ ದಂಡಿನ ಪ್ರದೇಶದಲ್ಲಿದ್ದಾರೆ. ಕರೆಂಟು ತಂತಿ ಮೇಲೆ ಬರತ್ತೆ, ಕೆಲಸಗಾರರು ರೈಲಿನಲ್ಲಿ ಬರ್ತಾರೆ. ನಾನ್ಯಾಕೆ ಇಲ್ಲಿಗೆ ಬರ್ಲಿ? ನಿಮ್ಮ ಮಾತಿನ ಚಂದಕ್ಕೆ ಒಂದು ಸಲ ನೋಡೋಣ ಅಂತ ಬಂದೆ, ಅಷ್ಟೆ."

ಜಾಗ ಯಾವುದು ಮೇಲು ಎಂದು ನಾವು ಮೂರೂ ಊರಿನವರು ಜಗಳವಾಡಿದ್ದೆವು. ಆರಿಸುವವನು ಎಲ್ಲಿ ಕೂತಿದ್ದಾನೆ ಎಂದು ಯಾರೂ ಕೇಳಿರಲಿಲ್ಲ. ವಾದದ ಮೊದಲ ಪಾಠ ಅದು; ನಾನೂ ಕೇಳಿರಲಿಲ್ಲ.

ಊರು ಮಾವನನ್ನು ಬಿಡಲಿಲ್ಲ. ಹೋಟೆಲಿನಲ್ಲಿ ಒಬ್ಬ, "ಬಂದ ಕಾರ್ಖಾನೆಗೆ ಕುಂಕ್ಮ ಇಟ್ಟು ಕಳುಸ್ಬುಟ್ಟ ಕಣ್ರಲಾ!" ಎಂದ. ಎಲ್ಲರೂ ನಕ್ಕರು. ಮಾವ ಕಾಫಿ ಲೋಟ ನೋಡುತ್ತ ಕೂತಿದ್ದ. ನಾನು ಎದ್ದು ನಿಂತು ಸ್ಟೇಷನ್ನಿನ ಮಾತನ್ನು ಒಂದೂ ಬಿಡದೆ ಹೇಳಿದೆ. ಪೂಜೆಯಿಂದ ಕೆಟ್ಟದ್ದು ಏನೂ ಇಲ್ಲವೆಂದು ಸಾಧಿಸಿದೆ. ನಗು ನಿಂತಿತು. ಅಷ್ಟು ಪೂರ್ತಿಯಾಗಿ ನಾನು ಯಾವ ಚರ್ಚೆಯಲ್ಲೂ ಗೆದ್ದಿಲ್ಲ.

ದಾರಿಯಲ್ಲಿ ಮಾವ ನನಗಿಂತ ಮುಂದೆ ನಡೆದ. "ನಿನ್ನ ತಪ್ಪಿಲ್ಲ ಅಂತ ಆಯ್ತಲ್ಲ ಮಾವ?" ಎಂದೆ.

"ನನ್ ತಪ್ಪಾಗಿದ್ರೆ ಮುಂದ್ಲ ಸಲ ತಿದ್ಕಬೋದಾಗಿತ್ತು ಕಣ್ಲಾ" ಎಂದ. "ಈಗ ಏನ ತಿದ್ಲಿ?"

ವರ್ಷ ತುಂಬುವುದರೊಳಗೆ ಕುಲುಮೆ ಮುಚ್ಚಿತು. ಮಾವ ಕಬ್ಬಿನ ಗದ್ದೆಗೆ ಹೋಗಲಿಲ್ಲ. ಕೊನೆಗೆ ಬೆಂಗಳೂರಿನಲ್ಲೇ ಎದ್ದ ಅದೇ ಸಾಹುಕಾರರ ಶೆಡ್ಡಿಗೆ, ಗಾಡಿಗಳ ಮರದ ಮೈ ಕಟ್ಟಲು ಸೇರಿದ. ನೋಡಲು ಹೋದಾಗ ಸಾಹುಕಾರರು ಅವನ ಕೆಲಸವನ್ನು ಹೊಗಳಿದರು. ತನ್ನ ಅಣ್ಣನ ಮಕ್ಕಳನ್ನೂ ಕರೆಸಿಕೊಂಡು ಕಲಿಸುತ್ತೇನೆಂದು ಮಾವ ಉತ್ಸಾಹದಲ್ಲಿದ್ದ.

"ಕಲ್ತ ಮೇಲೆ ಅವರು ಮದ್ದೂರಿಗೆ ವಾಪಸ್ ಬರ್ತಾರಾ ಮಾವ?" ಎಂದೆ.

ಅವನು ಹಲಗೆಗೆ ಕೀಸುಳಿ ಇಟ್ಟ. "ನೀನೇ ಯೋಳ್ಲಾ," ಎಂದ, "ವಾದ ಮಾಡೋನು ನೀನು."