ಉಳಿದ ಒಂದು ಸ್ಪ್ರಿಂಗ್

ನಂಬದೆ ಇರುವ ಧೈರ್ಯ ಇದ್ದರೆ ನಂಬಬೇಡಿ. ಸ್ಪ್ಯಾನರನ್ನು ಜನ್ಮದಲ್ಲಿ ಹಿಡಿಯದ ಇಬ್ಬರು ಕನ್ನಡದ ಗಂಡಸರು, ಲಿವೋನಿಯಾ ಎಂಬ ಅಮೆರಿಕನ್ ಊರಿನ ಒಂದು ಗರಾಜಿನಲ್ಲಿ, ನಲವತ್ತು ವರ್ಷ ಹಳೆಯ, ದೊಡ್ಡ ಎಂಜಿನ್ನಿನ ಮಸಲ್ ಕಾರೊಂದನ್ನು ಆರೇ ತಿಂಗಳಲ್ಲಿ ಎಬ್ಬಿಸಿ ಓಡಿಸಿದರು. ಅವರಲ್ಲಿ ಒಬ್ಬ ನಾನು. ಜಂಬ ಅಂದುಕೊಂಡರೆ ಅಂದುಕೊಳ್ಳಿ, ಕಾರು ಇನ್ನೂ ನನ್ನ ಗರಾಜಿನಲ್ಲೇ ಇದೆ, ಬಂದು ನೋಡಿ. ನನ್ನನ್ನು ಬಲ್ಲವರು ನಾನು ಹೇಳಿದ್ದರಲ್ಲಿ ಅರ್ಧ ಕಳೆದು ಕೇಳುತ್ತಾರೆ. ಈ ಸಲ ಅಷ್ಟೆಲ್ಲ ಕಳೆಯಬೇಡಿ. ಒಂದೇ ಒಂದು ಸುಳ್ಳು ಸೇರಿಸಿದ್ದೇನೆ. ಯಾವುದೆಂದು ಕೊನೆಗೆ ನಾನೇ ಹೇಳುತ್ತೇನೆ. ಅದಕ್ಕೆ ಮೊದಲೇ ನೀವು ಹಿಡಿದರೆ ನನಗಿಂತ ದೊಡ್ಡ ಕಳ್ಳರು ನೀವು.

ಹೋದ ತಿಂಗಳು ಗ್ಲೆಂಡೇಲ್ ಹೈಟ್ಸ್‌ನಿಂದ, ಹಿಂದೆ ನಮ್ಮ ಎದುರು ಮನೆಯಲ್ಲಿದ್ದ ಕಾಕು ಒಂದು ಸ್ಟೀಲ್ ಡಬ್ಬಿ ಕಳಿಸಿದರು. ಶೇಂಗಾ ಚಟ್ನಿಪುಡಿ ಇರಬೇಕೆಂದು ಆಸೆಯಿಂದ ಮುಚ್ಚಳ ತೆಗೆದೆ. ಚಟ್ನಿಪುಡಿಯ ವಾಸನೆ ಇತ್ತು, ಪುಡಿ ಇರಲಿಲ್ಲ. ಅದರ ಕೆಳಗಿನಿಂದ ಇನ್ನೊಂದು ವಾಸನೆ ಎದ್ದು ಬಂತು, ಬ್ರೇಕ್ ಎಣ್ಣೆಯದು. ಮಡಚಿದ ಗ್ರಾಫ್ ಕಾಗದವೊಂದರೊಳಗೆ ಬೆರಳುದ್ದದ ಹಸಿರು ಸ್ಪ್ರಿಂಗ್. ಕಾಗದದ ಮೇಲೆ ಪೆನ್ಸಿಲಿನಲ್ಲಿ ನಾಲ್ಕು ಚಕ್ರಗಳ ಚಿತ್ರ, ಪ್ರತಿ ತುಣುಕಿಗೂ ಕನ್ನಡ ಅಂಕಿಯಲ್ಲಿ ನಂಬರು. ನನ್ನ ಹೆಂಡತಿ ಇಣುಕಿ ನೋಡಿ, "ಇದೇನ್ರೀ?" ಅಂದಳು. ನಾನು ಡಬ್ಬಿ ಮುಚ್ಚಿಕೊಂಡು ಗರಾಜಿಗೆ ಹೋದೆ. ಅವತ್ತಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ...

ಎದುರು ಮನೆಯವರನ್ನು ನಾವೆಲ್ಲ ಕಾಕಾ ಅನ್ನುತ್ತಿದ್ದೆವು, ಅವರ ಹೆಂಡತಿಯನ್ನು ಕಾಕು. ನಾನು ಮೈಸೂರಿನವನು, ಕಾಕಾ ಗದಗಿನ ಕಡೆಯವರು. ಮೂವತ್ತು ವರ್ಷ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಬ್ರೇಕಿನ ಡಿಸೈನು ಮಾಡಿದವರು. ರಿಸೆಷನ್ನಿನ ಆ ವರ್ಷ ಒಂದು ಸೋಮವಾರ ಅವರು ಕೆಲಸ ಕಳೆದುಕೊಂಡು, ಆಫೀಸಿನ ಸಾಮಾನು ತುಂಬಿದ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಮಧ್ಯಾಹ್ನವೇ ಮನೆಗೆ ಬಂದರು. ಮುಂದಿನ ಸೋಮವಾರ ನಾನು ಬಂದೆ. ನನ್ನ ಪೆಟ್ಟಿಗೆ ಅವರದಕ್ಕಿಂತ ದೊಡ್ಡದಿತ್ತು, ಇದನ್ನು ಆಗಲೇ ಬೀದಿಯಲ್ಲಿ ನಿಂತು ಅವರಿಗೆ ಹೇಳಿದ್ದೆ ಕೂಡ.

ನನ್ನ ಹೆಂಡತಿ ಆರೂವರೆಗೆ ಆನ್ ಆರ್ಬರಿನ ಆಸ್ಪತ್ರೆಯ ಲ್ಯಾಬಿಗೆ ಹೊರಟುಬಿಡುತ್ತಿದ್ದಳು. ಆಮೇಲೆ ನಾನು ಈ ಕಿಟಕಿಯಿಂದ ಆ ಕಿಟಕಿಗೆ. ಫೋನು ಬರುತ್ತಿರಲಿಲ್ಲ, ಬಂದರೂ ಏನನ್ನೋ ಮಾರುವವರದು. ಕೈಗೆ ಕೆಲಸ ಇಲ್ಲದಿದ್ದರೆ ನನಗೆ ಮೈಯೆಲ್ಲ ತುರಿಕೆ, ಆ ತುರಿಕೆಗೆ ಕಾಕಾನೇ ಮದ್ದು. ಅವರು ಹಿತ್ತಿಲಲ್ಲಿ ಬದನೆ ಸಸಿ ನೆಟ್ಟು ವಾರ ಕಳೆದಿರಲಿಲ್ಲ, ಅಂಗಡಿಯಿಂದ ನಾಲ್ಕು ಎಳೆ ಬದನೆಕಾಯಿ ತಂದು ಗೇಣುದ್ದದ ಗಿಡಕ್ಕೆ ದಾರದಲ್ಲಿ ಕಟ್ಟಿ ಬಂದೆ. ಕಾಕಾ ಕೂಗಿ ಕಾಕುವನ್ನು ಕರೆದು ತೋರಿಸಿದರು. ಮರುದಿನ ನನ್ನನ್ನು ಊಟಕ್ಕೆ ಕರೆದು ಅದೇ ಬದನೆಕಾಯಿಯ ಎಣಗಾಯಿ ಬಡಿಸಿ, ದಾರವನ್ನು ಉಪ್ಪಿನಕಾಯಿಯ ಪಕ್ಕ ಇಟ್ಟರು. "ತಿನ್ನಪಾ ಮೈಸೂರ ರಾಜಾ, ನಿಂದ ಬೆಳಿ," ಅಂದರು. ಹಾಗಿದ್ದರು. ಕೀಟಲೆ ಮಾಡಿಸಿಕೊಳ್ಳಲಿಕ್ಕೂ ಒಂದು ಘನತೆ ಬೇಕು, ಅದು ಅವರಲ್ಲಿತ್ತು.

ಮುಂದಿನ ಯುಗಾದಿಗೆ ಊರಿನ ಕನ್ನಡದವರು ಸೇರಿದ ಊಟದಲ್ಲಿ ಎಲ್ಲರೂ ಒಬ್ಬರಿಗೊಬ್ಬರು "ಎಲ್ಲಿಗೆ ಅಪ್ಲೈ ಮಾಡಿದೀರ?" ಅಂತ ಕೇಳಿಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ನಾನು ಹಳೇ ಕಾರು ರಿಸ್ಟೋರ್ ಮಾಡ್ತಿದೀನಿ. ಆಯುಧಪೂಜೆ ದಿನ ನಿಮ್ಮೆಲ್ಲರ ಎದುರಿಗೆ ನಿಂಬೆಹಣ್ಣಿನ ಮೇಲೆ ಹತ್ತಿಸ್ತೀನಿ, ಎಲ್ರೂ ಬರ್ಬೇಕು," ಅಂದುಬಿಟ್ಟೆ. ಆಗ ನನ್ನ ಹತ್ತಿರ ಕಾರೇ ಇರಲಿಲ್ಲ. ಅವತ್ತಿನ ಮಾತಿಗೆ ಕಾರನ್ನು ಮಾರನೆಯ ವಾರ ಹುಡುಕಿದೆ. ಆನ್ ಆರ್ಬರಿನಿಂದಾಚೆ ಒಂದು ಹೊಲದ ಕೊಟ್ಟಿಗೆಯಲ್ಲಿತ್ತು. ಎರಡು ಬಾಗಿಲು, ಎಂಟು ಸಿಲಿಂಡರು, ಹಿಂದಿನ ಸೀಟಿನಲ್ಲಿ ಇಲಿಯ ಸಂಸಾರ.

ಟ್ರೇಲರಿನಿಂದ ಇಳಿಸುವಾಗ ಕಾಕಾ ಇಸ್ತ್ರಿ ಮಾಡಿದ ಆಫೀಸು ಶರ್ಟಿನಲ್ಲಿ, ಕೈ ಬೆನ್ನಿಗೆ ಕಟ್ಟಿಕೊಂಡು ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಬ್ರೇಕ್ ಯಾರ ಮಾಡವರು?"

"ನೀವೇ ಕಾಕಾ. ಮೂವತ್ತು ವರ್ಷ ಅದನ್ನೇ ತಾನೆ ಮಾಡಿದ್ದು?"

"ಮಾಡಿಲ್ಲಪಾ. ಚಿತ್ರ ತಗದೀನಿ. ಕೈಯಾಗ ಒಂದೂ ಹಿಡದಿಲ್ಲ."

ಅದನ್ನು ಅವರು ನಗುತ್ತ ಹೇಳಲಿಲ್ಲ. ಮಾರನೆಯ ದಿನದಿಂದ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ, ಊಟದ ಡಬ್ಬಿ ಹಿಡಿದು, ಬೀದಿ ದಾಟಿ ಬರತೊಡಗಿದರು. ಹತ್ತೂವರೆಗೆ ಚಹಾ, ಐದಕ್ಕೆ ಹೊರಡುವುದು. ಎದುರು ಮನೆಗೆ ಹೋಗುವಾಗಲೂ ಅವರ ನಡಿಗೆ ಪಾರ್ಕಿಂಗ್ ಲಾಟಿಗೆ ಹೋಗುವವರ ಹಾಗಿತ್ತು. ಬಿಚ್ಚಿದ ಪ್ರತಿ ತುಣುಕನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮೇಲೆ ಕನ್ನಡ ಅಂಕಿ ಬರೆಯುತ್ತಿದ್ದರು. "ಅಲ್ಲೆ ಹಿಂಗ ಬರ್ಯಾಕ ಬರ್ತಿರಲಿಲ್ಲ. ಇದು ನಮ್ಮ ಕಂಪನಿ," ಅನ್ನುತ್ತಿದ್ದರು.

ಎಂಜಿನ್ನು ನನ್ನ ಪಾಲು. ಎರಡು ಸಲ ತಪ್ಪಾಗಿ ಜೋಡಿಸಿದೆ, ಮೂರನೆಯ ಸಲ ಅದಕ್ಕೇ ಬೇಸರವಾಗಿ ಸ್ಟಾರ್ಟ್ ಆಯಿತು. ನಮ್ಮ ಬಡಾವಣೆಯ ಮೂರು ಬೀದಿಗಳಿಗೆ ಕೇಳಿಸಿತು, ಮೂರೂ ಬೀದಿಗೆ ಹೋಗಿ ಅದು ನಾನು ಎಂದು ಹೇಳಿ ಬಂದೆ. ಬ್ರೇಕು ಕಾಕಾನ ಪಾಲು. ನಾಲ್ಕು ಚಕ್ರಕ್ಕೂ ಹಳೆ ಕಾಲದ ಡ್ರಮ್ ಬ್ರೇಕು, ಒಂದೊಂದರ ಹೊಟ್ಟೆಯಲ್ಲೂ ಗಡಿಯಾರದ ಹಾಗೆ ಸ್ಪ್ರಿಂಗುಗಳು. ಕಾಕಾನ ಬೆರಳು ಕೊಯ್ದವು, ಉಗುರು ಕಪ್ಪಾಯಿತು, ಕಾಕು ದಿನಾ ಗೊಣಗಿದರು. ಆದರೆ ಆಗಸ್ಟಿನ ಹೊತ್ತಿಗೆ ಅವರು ಶರ್ಟಿನ ತೋಳು ಮಡಚಿದ್ದರು. ಒಂದು ದಿನ ಗ್ರೀಸು ಮೆತ್ತಿದ ಅಂಗೈಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಈ ಕೈಗೆ ಇದು ಬರ್ತದ ನೋಡು. ಅವರಿಗೆ ಗೊತ್ತಾಗಲಿಲ್ಲ," ಅಂದರು. ಅವರು ಅಂದರೆ ಯಾರೆಂದು ನಾನು ಕೇಳಲಿಲ್ಲ.

ಸೆಪ್ಟೆಂಬರ್ ಮೊದಲ ವಾರ ಬ್ರೇಕು ಮುಗಿಯಿತು. ಹೊಸ ಸ್ಪ್ರಿಂಗಿನ ಡಬ್ಬಿಗಳು ಖಾಲಿ, ತಟ್ಟೆ ಖಾಲಿ, ಡ್ರಮ್ಮುಗಳು ಮುಚ್ಚಿದ್ದವು. ಕಾಕಾ ಕೈ ತೊಳೆಯಲು ಹೋದರು. ನನಗೆ ಮೈ ತುರಿಸಿತು.

ಹಳೆಯ ಸ್ಪ್ರಿಂಗೊಂದನ್ನು ನಾನು ಹಿಂದಿನ ವಾರವೇ ತಂತಿ ಬ್ರಷ್ಷಿನಿಂದ ತಿಕ್ಕಿ, ಹೊಸದರ ಹಸಿರನ್ನೇ ಬಳಿದು ಇಟ್ಟುಕೊಂಡಿದ್ದೆ. ಎಂಥ ಕೆಲಸ ಅಂತೀರಿ, ಅಂಗಡಿಯವನೇ ಮೋಸ ಹೋಗಬೇಕು. ಅದನ್ನು, ಜೋಡಿಸಲು ಮರೆತು ಉಳಿದದ್ದರ ಹಾಗೆ, ಖಾಲಿ ತಟ್ಟೆಯ ನಡುವೆ ಇಟ್ಟೆ. ಕಾಕಾ ಬಂದರು, ನೋಡಿದರು, ಎತ್ತಿಕೊಂಡರು. ಅವರು ಬೈಯಲಿ, ಆಗ ನಗೋಣವೆಂದು ಕಾದೆ. ಅವರು ಬೈಯಲಿಲ್ಲ. ಸ್ಪ್ರಿಂಗನ್ನು ಶರ್ಟಿನ ಜೇಬಿಗೆ ಹಾಕಿಕೊಂಡು, ಐದು ಗಂಟೆಯಾಗುವ ಮೊದಲೇ ಮನೆಗೆ ಹೋದರು.

ಮರುದಿನ ನಾನು ಗರಾಜಿಗೆ ಹೋಗುವಷ್ಟರಲ್ಲಿ ನಾಲ್ಕೂ ಡ್ರಮ್ಮು ಬಿಚ್ಚಿದ್ದವು.

"ಯಾಕೆ ಕಾಕಾ?"

"ಸುಮ್ನ. ಒಮ್ಮೆ ನೋಡೂಣು ಅಂತ."

ಎಲ್ಲ ಸ್ಪ್ರಿಂಗೂ ಜಾಗದಲ್ಲೇ ಇದ್ದವು. ಮುಚ್ಚಿದರು. ಎರಡು ದಿನ ಬಿಟ್ಟು ಮತ್ತೆ ಬಿಚ್ಚಿದರು. ಕಾರಿನ ರಿಪೇರಿ ಪುಸ್ತಕದ ಚಿತ್ರದ ಜೊತೆ ಬೆರಳಿಟ್ಟು ಎಣಿಸಿದರು. ಮೂರನೆಯ ಸಲ ಗ್ರಾಫ್ ಕಾಗದ ತಂದು ತಾವೇ ಚಿತ್ರ ಬರೆದರು. ನನ್ನ ಕೀಟಲೆಗೆ ಒಂದು ನಿಯಮವಿದೆ: ಸಿಕ್ಕಿಬಿದ್ದವನು ಬಾಯಿಬಿಟ್ಟು ಕೇಳಬೇಕು, ಆಗ ನಾನು ಒಪ್ಪಿಕೊಳ್ಳಬೇಕು. ಕಾಕಾ ಕೇಳಲೇ ಇಲ್ಲ. ಮೂವತ್ತು ವರ್ಷದ ಕೆಲಸವೇ ಬೇಡವೆಂದು ಕಂಪನಿ ಹೊರಗೆ ಕಳಿಸಿದ ಮನುಷ್ಯ, ಒಂದು ಉಳಿದುಬಿಟ್ಟಿದೆ ಎಂದು ಯಾರನ್ನು ಕೇಳುತ್ತಾನೆ... ಇದು ನನಗೆ ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ಒಪ್ಪುವವನಲ್ಲ ನಾನು. ಒಂದೇ ಒಂದು ಸಲ ಕಾಕಾ, ನನಗಲ್ಲ, ಚಕ್ರಕ್ಕೆ ಹೇಳುವವರ ಹಾಗೆ ಅಂದರು: "ಕಣ್ಣಿಗೆ ಎಲ್ಲಾ ಸರಿ ಕಾಣಸ್ತದ. ಕೈ ಒಪ್ಪವಲ್ದು."

ಆ ವರ್ಷ ಆಯುಧಪೂಜೆ ಭಾನುವಾರ ಬಿತ್ತು. ಯಾರ ಮುಂದೆ ಜಂಬ ಕೊಚ್ಚಿಕೊಂಡಿದ್ದೆನೋ ಅವರೆಲ್ಲ ಮರೆಯದೆ ಬಂದು ನಮ್ಮ ಲಾನಿನಲ್ಲಿ ನಿಂತಿದ್ದರು. ಕಾರಿಗೆ ಹೂವಿನ ಹಾರ, ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು. ಕಾಕು ಬೆಳಿಗ್ಗೆಯೇ ಬಂದು ಗರಾಜಿನ ಸ್ಪ್ಯಾನರು, ಇಕ್ಕಳ, ಜಾಕು ಎಲ್ಲವನ್ನೂ ಒಂದು ಬಟ್ಟೆಯ ಮೇಲೆ ಜೋಡಿಸಿ ಅರಿಸಿನ ಕುಂಕುಮ ಇಟ್ಟಿದ್ದರು. ಕಾಕಾ ನೇರ ಬಂದು ಸ್ಪ್ಯಾನರಿಗೆ ಕೈ ಚಾಚಿದರು.

"ಏನ್ರೀ, ಇವತ್ತ ಅವನ್ನ ಮುಟ್ಟೂಹಂಗಿಲ್ಲ," ಅಂದರು ಕಾಕು.

"ಒಂದ ಚಕ್ರ. ಹತ್ತ ಮಿನಿಟು."

"ವರ್ಷಕ್ಕ ಒಂದ ದಿನ ಅವಕ್ಕೂ ರಜಾ ಅದ. ನಾಳಿಗೆ ತಗೀರಿ."

ಕಾಕಾ ಕುಂಕುಮ ಹಚ್ಚಿದ ಸ್ಪ್ಯಾನರುಗಳನ್ನು ನೋಡುತ್ತ ನಿಂತರು. ಹೊರಗಿನಿಂದ ಯಾರೋ, "ಮೈಸೂರು ಮಾತು ಮೈಸೂರಲ್ಲೇ ಉಳೀತಾ, ಇಲ್ಲಾ ಕಾರೂ ಬರುತ್ತಾ?" ಎಂದು ಛೇಡಿಸಿದರು. ಎಲ್ಲರೂ ನಕ್ಕರು. ಕಾಕಾನ ಕೈ ಶರ್ಟಿನ ಜೇಬಿನ ಮೇಲಿತ್ತು.

ಆಗ ನಾನು ಹೇಳಿದೆ. "ಕಾಕಾ, ಆ ಸ್ಪ್ರಿಂಗ್ ಇಟ್ಟಿದ್ದು ನಾನು. ಹಳೇದಕ್ಕೆ ಬಣ್ಣ ಬಳ್ದು ಇಟ್ಟೆ. ನಿಮ್ಮ ಬ್ರೇಕು ಸರಿಯಾಗೇ ಇದೆ." ಕಾಕಾ ನನ್ನ ಮುಖ ನೋಡಿ, ಭುಜದ ಮೇಲೆ ರಪ್ಪನೆ ಒಂದು ಕೊಟ್ಟು, "ಹಲ್ಕಟ್ ಅದೀ ನೋಡು ನೀ," ಅಂದರು.

ಕೀಲಿಕೈ ನನ್ನ ಹತ್ತಿರವಿತ್ತು. ಸ್ಟಿಯರಿಂಗಿನ ಮುಂದೆ ನಾನು ಕೂತಿದ್ದೆ, ಮಾಲೀಕ ನಾನು ತಾನೆ. ಕಾಕಾ ಬಾಗಿಲು ತೆಗೆದರು. "ಇಳಿ ಕೆಳಗ."

"ನಾನು ಪಕ್ಕದಲ್ಲಿ ಕೂತ್ಕೋತೀನಿ ಕಾಕಾ."

"ಬ್ಯಾಡ. ಬ್ರೇಕ್ ನಂದು. ಮೊದಲ ನಾನೊಬ್ಬನ." ಕಾಕುವಿನ ಕಡೆ ತಿರುಗಿ, "ಎಲ್ಲಾರನೂ ಹಿಂದ ಕರಕೊಂಡು ಹೋಗು, ಆ ಗಿಡದ ಆಕಡೆ," ಅಂದರು. ಜನ ಮೇಪಲ್ ಮರದ ಹಿಂದೆ ಸರಿದರು.

ನಾಲ್ಕು ನಿಂಬೆಹಣ್ಣೂ ಒಟ್ಟಿಗೆ ಅಪ್ಪಚ್ಚಿಯಾದವು. ಕಾರು ಗರಾಜಿನ ಮುಂದಿನ ಇಳಿಜಾರಿನಲ್ಲಿ ಇಳಿದು, ತಿರುಗಿ, ಗುಡುಗುತ್ತ ಬೀದಿಯ ಕೊನೆಯ ಸ್ಟಾಪ್ ಬೋರ್ಡಿನ ಕಡೆ ಹೋಯಿತು. ಗಂಟೆಗೆ ಮೂವತ್ತು ಮೈಲಿ ವೇಗವಾದರೂ ಇತ್ತು. ನಾನು ಲಾನಿನಿಂದ ಬೀದಿಗೆ, ಬೀದಿಯಿಂದ ಲಾನಿಗೆ. ಕಾರಿನ ಹಿಂದಿನ ಕೆಂಪು ದೀಪ ಹತ್ತಿತು. ಕಾರು ಗೆರೆಯ ಮೇಲೆ, ಕೋಲು ನೆಟ್ಟ ಹಾಗೆ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ಬಾಗಿ ನಮಸ್ಕಾರ ಮಾಡಿದೆ. ಕಾಕಾ ತಿರುಗಿಸಿಕೊಂಡು ಬಂದು ಎಂಜಿನ್ ಆರಿಸಿದ ಮೇಲೂ ಸ್ಟಿಯರಿಂಗಿನಿಂದ ಕೈ ತೆಗೆಯಲಿಲ್ಲ. ಶರ್ಟು ಬೆನ್ನಿಗೆ ಅಂಟಿತ್ತು. "ಹಿಡೀತದ," ಅಂದರು. ಅಷ್ಟೇ.

ಆ ಚಳಿಗಾಲದಲ್ಲೇ ಕಾಕಾ ಕಾಕು ಮನೆ ಬಿಟ್ಟು ಕಾಕುವಿನ ತಮ್ಮ ಇದ್ದ ಗ್ಲೆಂಡೇಲ್ ಹೈಟ್ಸ್‌ಗೆ ಹೋದರು. ಪ್ರತಿ ಆಯುಧಪೂಜೆಗೆ ಫೋನು ಬರುತ್ತಿತ್ತು. "ಬ್ರೇಕ್ ಹೆಂಗ ಅದಾವಪಾ?" ನಾನು, "ನಿಮಗಿಂತ ಚೆನ್ನಾಗಿವೆ ಕಾಕಾ," ಅನ್ನುತ್ತಿದ್ದೆ. "ಹೊರಗ ಒಯ್ಯುವಾಗ ಒಬ್ಬನ ಹೋಗು. ಮಂದೀನ ಕೂಡಿಸ್ಕೋಬ್ಯಾಡ," ಅನ್ನುತ್ತಿದ್ದರು. ಪ್ರತಿ ವರ್ಷ ಅದೇ ಮಾತು...

ಹೋದ ವಸಂತದಲ್ಲಿ ಕಾಕಾ ತೀರಿಕೊಂಡರು. ಡಬ್ಬಿ ಬಂದ ದಿನ ಕಾಕುವಿಗೆ ಫೋನ್ ಮಾಡಿದೆ. "ಅವರ ಟೇಬಲ್ ಖಾನೆದಾಗಿತ್ತು. ನಿಮ್ಮ ಕಾರಿಂದೇ ಇರಬೇಕು ಅಂತ ಕಳಿಸಿದೆ," ಅಂದರು. ಅಲ್ಲಿಗೆ ಹೋದ ಮೇಲೆ ಕಾಕಾ ಒಂದು ಸ್ಪ್ಯಾನರನ್ನೂ ಮುಟ್ಟಲಿಲ್ಲವಂತೆ. ಸೈಕಲ್ಲಿನ ಬ್ರೇಕು ಸಡಿಲಾದರೂ ಅಂಗಡಿಗೇ ಕೊಡುತ್ತಿದ್ದರಂತೆ. "ಯಾಕೋ ಏನೋ, ನನ್ನ ಕೈಯಾಗ ಒಂದು ಉಳೀತದ ಅಂತಿದ್ರು," ಅಂದರು ಕಾಕು. ನಾನು ಏನಾದರೂ ತಮಾಷೆ ಮಾಡಲಿ ಎಂದು ಅವರು ಸ್ವಲ್ಪ ಕಾದರು. ಡಬ್ಬಿ ಮುಟ್ಟಿತು ಎಂದಷ್ಟೇ ಹೇಳಿ ಫೋನು ಇಟ್ಟೆ.

ಆ ಗ್ರಾಫ್ ಕಾಗದವನ್ನು ದಿನಕ್ಕೆ ನಾಲ್ಕು ಸಲ ಬಿಚ್ಚಿ ನೋಡುತ್ತೇನೆ, ಗರಾಜಿಗೆ ಹೋಗುತ್ತೇನೆ, ಬರುತ್ತೇನೆ. ನಾಲ್ಕು ಚಕ್ರ, ಎಲ್ಲ ನಂಬರೂ ಸರಿ. ಮೂಲೆಯಲ್ಲಿ, ಯಾವ ಚಕ್ರಕ್ಕೂ ಸೇರದೆ, ಒಂದು ಸ್ಪ್ರಿಂಗಿನ ಚಿತ್ರ. ಅದರ ಪಕ್ಕ ನಂಬರಿನ ಜಾಗದಲ್ಲಿ ಪ್ರಶ್ನೆಯ ಗುರುತು. ಅಳಿಸಿ ಅಳಿಸಿ ಬರೆದು ಅಲ್ಲಿ ಕಾಗದ ತೆಳ್ಳಗಾಗಿದೆ.

ಸುಳ್ಳು ಯಾವುದು ಅಂತ ಹೇಳುತ್ತೇನೆ ಅಂದಿದ್ದೆನಲ್ಲ. ಬದನೆಕಾಯಿ ಅಂದುಕೊಂಡಿದ್ದರೆ, ಅಲ್ಲ, ಅದು ನಿಜ. ಬಣ್ಣ ಬಳಿದದ್ದು ನಿಜ, ನಿಂಬೆಹಣ್ಣು ನಿಜ, ಕಾರು ಗೆರೆಯ ಮೇಲೆ ನಿಂತದ್ದೂ ನಿಜ. ಗರಾಜಿನಲ್ಲಿ ಕಾಕಾಗೆ ಹೇಳಿದೆ, ಅವರು ಭುಜಕ್ಕೆ ಹೊಡೆದರು ಎಂದೆನಲ್ಲ, ಅದೊಂದನ್ನು ಕಟ್ಟಿದೆ. ನಾನು ಹೇಳಲಿಲ್ಲ. ಬ್ರೇಕಿನಲ್ಲಿ ಒಂದು ಸ್ಪ್ರಿಂಗು ಕಡಿಮೆ ಇದೆ ಎಂದುಕೊಂಡೇ ಕಾಕಾ ನನ್ನನ್ನು ಕೆಳಗಿಳಿಸಿ ತಾವು ಹತ್ತಿದರು.